ಸೀಟು ಹಿಡಿದ ಪುಸ್ತಕ

ಹಾಸನದ ಬಸ್‌ಸ್ಟ್ಯಾಂಡಿನಲ್ಲಿ ಸಂಜೆಯ ಚನ್ನರಾಯಪಟ್ಟಣದ ಬಸ್ಸಿಗೆ ಕಿಟಕಿಯೇ ಬಾಗಿಲು. ಟವಲ್ಲು, ಟಿಫನ್ ಬ್ಯಾಗು, ಛತ್ರಿ, ಕೈಗೆ ಸಿಕ್ಕಿದ್ದನ್ನು ಒಳಗೆ ತೂರಿದರೆ ಸೀಟು ನಮ್ಮದು. ಕವನಾಳ ವೇಲನ್ನು ಮಾತ್ರ ಯಾರಾದರೂ ಸರಿಸಿ ಕೂತುಬಿಡುತ್ತಿದ್ದರು. ಲ್ಯಾಬಿನಲ್ಲಿ ದಿನವಿಡೀ ನಿಂತು ರಕ್ತ ಪರೀಕ್ಷೆ ಮಾಡಿದವಳು ಶಾಂತಿಗ್ರಾಮದವರೆಗೂ ನಿಂತೇ ಹೋಗಬೇಕಿತ್ತು.

ಆ ಕಷ್ಟ ಕಳೆದದ್ದು ದಪ್ಪ ಪುಸ್ತಕ ಬಂದ ಮೇಲೆ. ಗೆಳತಿ ದೀಪಶ್ರೀ ಬಲವಂತವಾಗಿ ಕೊಟ್ಟ ಇಂಗ್ಲಿಷ್ ಫ್ಯಾಂಟಸಿ ಕಾದಂಬರಿ. ಡ್ರ್ಯಾಗನ್, ಮಂತ್ರ, ಕಪ್ಪು ಬಟ್ಟೆಯ ರಾಜಕುಮಾರ. ಯಾವ ರೀಲ್ಸ್ ತೆರೆದರೂ ಅದನ್ನು ಎದೆಗವಚಿಕೊಂಡು ಅಳುವ ಹುಡುಗಿಯರೇ. ಸೀಟಿನ ಮೇಲೆ ಅದು ಬಿದ್ದರೆ ಮುಗಿಯಿತು, ಯಾರೂ ಹತ್ತಿರ ಸುಳಿಯುತ್ತಿರಲಿಲ್ಲ. ಪುಸ್ತಕವೆಂದರೆ ಸರಸ್ವತಿ, ಸರಸ್ವತಿಯ ಮೇಲೆ ಕೂರುವ ಧೈರ್ಯ ನಮ್ಮ ಕಡೆ ಯಾರಿಗಿದೆ?

ಒಂದು ಸಂಜೆ ಪುಸ್ತಕ ತೂರಿ, ನೂಕುನುಗ್ಗಲಲ್ಲಿ ಒಳಗೆ ಬಂದು ನೋಡುತ್ತಾಳೆ, ಪಕ್ಕದ ಸೀಟಿನ ಯುವಕ ಅದನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಳ್ಳುತ್ತಿದ್ದಾನೆ. ಅಬ್ಬಾ, ಗಂಡಸರಲ್ಲೂ ಇಂಥ ಭಕ್ತರಿದ್ದಾರಾ ಎಂದು ಬೆರಗಾದಳು.

"ನಿಮ್ದಾ?" ಎಂದ ಅವನು. "ದಿನಾ ನಿಮ್ ಕೈಲಿ ನೋಡ್ತೀನಿ. ಈ ಪುಸ್ತಕ ಅಂದ್ರೆ ಪ್ರಾಣ ಅನ್ಸುತ್ತೆ?"

ಅವನು ನಕ್ಕಾಗ ತುಟಿಗಿಂತ ಮೊದಲು ಕಣ್ಣು ನಗುತ್ತಿತ್ತು. ಅಂಥ ಕಣ್ಣಿನವನ ಭಕ್ತಿಗೆ ಭಂಗ ತರುವುದುಂಟೇ?

"ಪ್ರಾಣ," ಎಂದಳು ಕವನಾ. "ನೀವೂ ಓದಿದೀರಾ?"

"ಓ, ಓದ್ದೆ ಇರ್ತೀನಾ!"

ಅವನು ಶಿವರಾಜು. ಊರು ಚನ್ನರಾಯಪಟ್ಟಣ, ಕೆಲಸ ಹಾಸನದ ಪಶು ಆಸ್ಪತ್ರೆಯಲ್ಲಿ. ಅಂದಿನಿಂದ ಇಬ್ಬರೂ ಅಕ್ಕಪಕ್ಕದಲ್ಲೇ ಕೂತರು. ಅವನು ರಾಜಕುಮಾರನ ಶೌರ್ಯ ಹೊಗಳುವನು, ಅವಳು ಗಾಂಭೀರ್ಯ ಹೊಗಳುವಳು. ಬಸ್ಸು ಕುಲುಕಿದಾಗ ಭುಜಕ್ಕೆ ಭುಜ ತಾಗುತ್ತಿತ್ತು, ಇಬ್ಬರೂ ಬೇರೆ ಬೇರೆ ಕಡೆ ನೋಡುತ್ತಿದ್ದರು.

ನಿಜ ಹೇಳಬೇಕೆಂದರೆ ಆ ರಾಜಕುಮಾರನನ್ನು ಕಂಡರೆ ಅವಳಿಗಾಗುತ್ತಿರಲಿಲ್ಲ. ದೀಪಶ್ರೀಯ ಮುಂದೆ "ತೂ, ಬರೀ ಕಸ ಕಣೇ" ಎಂದಿದ್ದಳು. ಆದರೆ ಅದೂ ಪೂರ್ತಿ ನಿಜವಲ್ಲ. ಒಂದು ಅಧ್ಯಾಯದಲ್ಲಿ ನಾಯಕಿಯ ಅಜ್ಜಿ ಕುರುಡಾದ ಮುದಿ ಡ್ರ್ಯಾಗನ್ನಿನ ಕಣ್ಣಿಗೆ ಎಣ್ಣೆ ಬಿಡುತ್ತಾಳೆ. ಅದನ್ನು ಓದಿದಾಗ ಕವನಾಳಿಗೆ ಮೊಸಳೆ ಎಂಬ ಊರಿನಲ್ಲಿದ್ದ ತಾತ ಮಂಚಯ್ಯನೂ ಅವನ ಮುದಿ ಎತ್ತೂ ನೆನಪಾಗಿ, ಕಾಫಿ ಲೋಟ ಹಿಡಿದುಕೊಂಡೇ ಅತ್ತಿದ್ದಳು. ಅದನ್ನು ಯಾರಿಗೂ ಹೇಳಿರಲಿಲ್ಲ.

ಒಂದು ಶುಕ್ರವಾರ ಶಾಂತಿಗ್ರಾಮ ಹತ್ತಿರವಾದಾಗ ಶಿವರಾಜು ಗಂಟಲು ಸರಿಮಾಡಿಕೊಂಡ. "ನಮ್ಮವ್ವನ್ನ ನಿಮ್ಮನೇಗೆ ಕಳಿಸ್ಲೇನ್ರೀ? ಈ ಪುಸ್ತಕಾನ ಇಷ್ಟು ಪ್ರೀತ್ಸೋ ಹುಡ್ಗಿ ನಂಗಿನ್ನೆಲ್ಲಿ ಸಿಕ್ತಾಳೆ? ಯೋಚ್ನೆ ಮಾಡಿ, ಸೋಮವಾರ ಹೇಳಿ."

ಮೊದಲ ಮಾತಿಗೆ ಅವಳ ಮೈಯೆಲ್ಲ ಹೂವಾಯಿತು. ಎರಡನೆಯದಕ್ಕೆ ಬಾಡಿತು. ಅವನು ಮೆಚ್ಚಿದ ಹುಡುಗಿ ತಾನಲ್ಲವೇ ಅಲ್ಲ. ಪುಸ್ತಕ ಎದೆಗವಚಿಕೊಂಡ ಇನ್ಯಾರೋ. ಹೂಂ ಅಂದರೆ ಜೀವನವಿಡೀ ಆ ರಾಜಕುಮಾರನನ್ನು ಹೊಗಳುತ್ತಿರಬೇಕು. ನಿಜ ಹೇಳಿದರೆ ಇವನೇ ಕೈಬಿಟ್ಟುಹೋಗಬಹುದು. ಶನಿವಾರ, ಭಾನುವಾರ ಎರಡೂ ದಿನ ಅವಳು ಆ ಪುಸ್ತಕವನ್ನು ಮುಟ್ಟಲೇ ಇಲ್ಲ.

ಸೋಮವಾರ ಅವಳ ಸೀಟನ್ನು ಅವನೇ ಹಿಡಿದಿದ್ದ. ಸೀಟಿನ ಮೇಲೆ ಹೊಸ ಪುಸ್ತಕ, ಹಳೆಯದಕ್ಕಿಂತಲೂ ದಪ್ಪ.

"ಎರಡನೇ ಭಾಗ," ಎಂದ. "ನಿಮಗೇ ತಂದಿದ್ದು."

ಕವನಾ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಆ ಭಾರಕ್ಕೇ ಅವಳು ಬಾಯಿ ಬಿಟ್ಟಳೇನೋ.

"ನಂಗೆ ಮೊದ್ಲನೇದೇ ಇಷ್ಟ ಆಗ್ಲಿಲ್ಲ ಕಣ್ರೀ. ಸೀಟು ಹಿಡಿಯೋಕೆ ಅಂತ ತರ್ತಿದ್ದೆ. ಆ ರಾಜಕುಮಾರ ಮಾತೆತ್ತಿದ್ರೆ ದವಡೆ ಬಿಗೀತಾನೆ, ಹಲ್ಲುನೋವು ಬಂದೋನಂಗೆ. ನಿಮಗೆ ಬೇಜಾರಾಗುತ್ತೆ ಅಂತ ಸುಳ್ಳೇಳ್ದೆ. ಇನ್ನು ಅವ್ವನ್ನ ಕಳಿಸೋದು ಬಿಡೋದು ನಿಮ್ಮಿಷ್ಟ."

ಬಸ್ಸು ಹೊರಟಿತು. ಶಿವರಾಜು ಅವಳ ತೊಡೆಯ ಮೇಲಿದ್ದ ಪುಸ್ತಕವನ್ನೇ ನೋಡಿದ.

"ದೇವ್ರಾಣೆ," ಎಂದ ಕೊನೆಗೆ, "ಇದನ್ನ ಕೊಳ್ಳೋವಾಗ ನಂಗೆ ಅಳುನೇ ಬಂದಿತ್ತು. ಇದನ್ನೂ ಓದ್ಬೇಕಲ್ಲಪ್ಪಾ ಅಂತ."

"ಅಂದ್ರೆ?"

"ನಿಮ್ ಜೊತೆ ಮಾತಾಡಕ್ಕೆ ಏನಾದ್ರೂ ಬೇಕಿತ್ತು. ಅವತ್ತು ಬಸ್ಸಿಳಿದ ಮೇಲೆ ಫೋನಲ್ಲಿ ಓದಕ್ಕೆ ಶುರುಮಾಡಿದ್ದು. ಶುಕ್ರವಾರ ಅಂದಿದ್ದೂ ಅಷ್ಟೇ, ಪುಸ್ತಕ ಹೊಗಳಿದ್ರೆ ನೀವು ಖುಷಿಯಾಗಿ ಹೂಂ ಅಂತೀರಾ ಅಂತ."

"ಸುಳ್ಳು! ಕಣ್ಣಿಗೊತ್ಕೊಂಡಿದ್ದನ್ನ ನಾನೇ ನೋಡಿದೀನಿ."

"ನೀವು ತೂರಿದ್ ರಭಸಕ್ಕೆ ಕೆಳಕ್ ಬಿದ್ದಿತ್ತು. ನನ್ ಕಾಲು ತಾಗ್ತು ಕಣ್ರೀ. ಪುಸ್ತಕಕ್ಕೆ ಕಾಲು ತಾಗಿದ್ರೆ ಕಣ್ಣಿಗೊತ್ಕಳ್ದೆ ಇನ್ನೇನ್ ಮಾಡ್ಲಿ?"

ಕವನಾ ಬಾಯಿಗೆ ವೇಲು ಅಡ್ಡಹಿಡಿದು ನಕ್ಕಳು. ಅದೂ ಸಾಲದೆ ಪುಸ್ತಕದಲ್ಲಿ ಮುಖ ಹುದುಗಿಸಿದಳು. ಶಿವರಾಜುವಿಗೂ ನಗು ತಡೆಯಲಾಗಲಿಲ್ಲ. ಮುಂದಿನ ಸೀಟಿನಲ್ಲಿ ದಿನಾ ಕೂರುವ ಮುದ್ದಮ್ಮಜ್ಜಿ ತಿರುಗಿ ನೋಡಿ, "ಯಾವ್ ಪುರಾಣ ಕಣವ್ವಾ ಅದು? ಇಬ್ರೂ ಇಂಗ್ ನಗಾಡ್ತಿದ್ದೀರಿ?" ಎಂದಳು.

ನಗು ನಿಂತ ಮೇಲೆ ಶಿವರಾಜು ಕಿಟಕಿಯ ಕಡೆ ನೋಡಿದ. "ಆದ್ರೆ ಪೂರ್ತಿ ಕೆಟ್ಟದು ಅಂತ ಮಾತ್ರ ಅನ್ಬೇಡಿ. ಆ ಕುರುಡು ಡ್ರ್ಯಾಗನ್ ಕಣ್ಣಿಗೆ ಅಜ್ಜಿ ಎಣ್ಣೆ ಬಿಡ್ತಾಳಲ್ಲ... ನಮ್ಮಾಸ್ಪತ್ರೆಗೆ ಮುದಿ ಎತ್ತು ಹಿಡ್ಕಂಡ್ ಬರೋರೂ ಅಂಗೇನೆ. ವಾಸಿ ಆಗಲ್ಲ ಅಂತ ಗೊತ್ತಿದ್ರೂ ಕತ್ತು ಸವರ್ತಾ ನಿಂತಿರ್ತಾರೆ."

ಅವನ ಕಣ್ಣು ಹೊಳೆಯುತ್ತಿತ್ತು. ಈ ಸಲ ನಗುವಿನಿಂದಲ್ಲ.

"ಅಲ್ಲಿ ನಾನೂ ಅತ್ತಿದ್ದೆ," ಎಂದಳು ಕವನಾ ಮೆಲ್ಲಗೆ. "ಯಾರ್ಗೂ ಹೇಳಿಲ್ಲ. ನಿಮಗೇ ಮೊದ್ಲು."

ಅಷ್ಟು ಹೇಳಿದ್ದೇ ಅವಳ ಎದೆ ಹಗುರಾಯಿತು. ಒಬ್ಬರ ಮುಂದೆ ಚಿನ್ನ, ಇನ್ನೊಬ್ಬರ ಮುಂದೆ ಕಸ ಎಂದು ನಾಟಕವಾಡಿ ಸಾಕಾಗಿತ್ತು. ಅರ್ಧ ಇಷ್ಟ, ಅರ್ಧ ಇಲ್ಲ ಎಂದರೆ ಅರ್ಥಮಾಡಿಕೊಳ್ಳುವ ಒಬ್ಬ ಮನುಷ್ಯ ಪಕ್ಕದಲ್ಲೇ ಕೂತಿದ್ದ, ಇಷ್ಟು ದಿನವೂ.

"ಶಾಂತಿಗ್ರಾಮ ಯಾರ್ರೀ, ಬೇಗ ಇಳ್ಕಳಿ!" ಕಂಡಕ್ಟರ್ ಕೂಗಿದ.

ಕವನಾ ಎದ್ದಳು. ಪುಸ್ತಕವನ್ನು ಅವನ ಕೈಗಿಟ್ಟಳು.

"ಬೇಡ್ವಾ?"

"ಬೇಕು. ನಾಳೆ ಅದ್ರಲ್ಲೇ ಸೀಟು ಹಿಡೀರಿ. ಎರಡು."

ಇಳಿದವಳು ಕಿಟಕಿಯ ಕೆಳಗೆ ಬಂದು ನಿಂತಳು. "ಭಾನುವಾರ ಅವ್ವನ್ನ ಕಳಿಸಿ. ಪುಸ್ತಕದ್ ಸುದ್ದಿ ಮಾತ್ರ ಎತ್ಬಾರ್ದು ಅಂತ ಹೇಳಿ."

ಬಸ್ಸು ಚಲಿಸಿತು. ಶಿವರಾಜು ಕಿಟಕಿಯಿಂದ ತಲೆ ಹೊರಹಾಕಿ, ಹುಬ್ಬು ಗಂಟಿಕ್ಕಿ, ಥೇಟ್ ಆ ರಾಜಕುಮಾರನ ಹಾಗೆ ದವಡೆ ಬಿಗಿದು ತೋರಿಸಿದ.

"ಹಲ್ಲಿನ್ ಡಾಕ್ಟ್ರತ್ರ ಓಗ್ರೀ!" ಎಂದು ಕವನಾ ರಸ್ತೆಯಲ್ಲೇ ಕೂಗಿದಳು. ಬಸ್ಸಿನ ಎಲ್ಲ ಕಿಟಕಿಗಳೂ ಅವಳನ್ನೇ ನೋಡಿದವು. ಅವಳಿಗೆ ನಾಚಿಕೆಯಾಗಲಿಲ್ಲ.