ಕೆರೆ ಕುಡಿದ ಕೋಣ

ಬಹಳ ಬಹಳ ಹಿಂದೆ, ಮೋಡಗಳು ಕೂಗಿದರೆ ಓಗೊಡುತ್ತಿದ್ದ ಕಾಲದಲ್ಲಿ, ಹೊಳಲಗುಂದವೆಂಬ ರಾಜ್ಯವಿತ್ತು. ಅಲ್ಲೊಂದು ಕೆರೆ. ಎಷ್ಟು ದೊಡ್ಡದೆಂದರೆ, ಆ ದಡದಲ್ಲಿ ಒಬ್ಬ ಸೀನಿದರೆ ಈ ದಡದವರು ‘ಚಿರಂಜೀವಿ’ ಅನ್ನುವಷ್ಟರಲ್ಲಿ ಸೀನಿದವನಿಗೆ ಮೊಮ್ಮಕ್ಕಳಾಗಿರುತ್ತಿದ್ದವು. ಸುಳ್ಳು ಅನ್ನುವವರು ಹೋಗಿ ಸೀನಿ ನೋಡಲಿ.

ಆ ಕೆರೆಯ ತೂಬು ಎತ್ತಿ ಗದ್ದೆಗಳಿಗೆ ನೀರು ಹಂಚುವ ನೀರುಗಂಟಿಯ ಹೆಸರು ಓಬಳ.

ಒಂದು ದಿನ ಗುಡುಗುಂಡನೆಂಬ ಮಾಂತ್ರಿಕ ಬಂದು ಕೆರೆಗೊಂದು ಕರೀಕೋಣ ಬಿಟ್ಟ.

“ನಿಮ್ಮ ಗದ್ದೆ ಕುಡಿದಷ್ಟೇ ನನ್ನ ಕೋಣವೂ ಕುಡಿಯುತ್ತದೆ. ಮೂರು ಬೆಳೆಯೊಳಗೆ ಕೆರೆ ಬತ್ತಿದರೆ ರಾಜ್ಯ ನನ್ನದು. ನೀರು ಇಳಿದಂತೆಲ್ಲ ಈ ನೀರುಗಂಟಿ ಪಾದದಿಂದ ಮೇಲಕ್ಕೆ ಕಲ್ಲಾಗುತ್ತ ಹೋಗುತ್ತಾನೆ!”

ಜನಕ್ಕೆ ಗಾಬರಿಯಾಯಿತು. “ಕೋಣ ಕುಡಿಯೋ ಮುಂಚೆ ನಾವೇ ಬಿಟ್ಟುಕೊಳ್ಳೋಣ!” ಎಂದು ಗದ್ದೆ ತುಂಬಿಸಿ ಭತ್ತ ನಾಟಿ ಮಾಡಿದರು. ಅವರು ಎಷ್ಟು ಬಿಟ್ಟರೋ ಕೋಣ ಅಷ್ಟೇ ಹೀರಿ ಗುಡ್ಡದಷ್ಟಾಯಿತು. ಮೊದಲ ಬೆಳೆ ಮುಗಿದಾಗ ಕೆರೆ ಅರ್ಧಕ್ಕಿಳಿದಿತ್ತು. ಓಬಳ ಮೊಣಕಾಲಿನವರೆಗೆ ಕಲ್ಲು.

“ಈ ಸಲ ನವಣೆ ಬಿತ್ತೋಣ. ನೆಲ ಒದ್ದೆಯಾದರೆ ಸಾಕು ಅದಕ್ಕೆ,” ಎಂದ ಓಬಳ.

“ನವಣೆ ತಿನ್ನೋಕೆ ನಾನೇನು ಗುಬ್ಬಿಯೇನೋ?” ಎಂದು ರೇಗಿದಳು ಅವನ ಸೋದರತ್ತೆ ಸಾಕವ್ವ.

“ಗುಬ್ಬಿಯಾದರೂ ಆಗು ಅತ್ತೆ, ಕೋಣಾನ ಮಾತ್ರ ಸಾಕಬೇಡ!”

ನವಣೆ ಬಿತ್ತಿದರು. ಕುಡಿಯಲು ಸಿಗದೆ ಕೋಣ ಸೊರಗಿ ಎಮ್ಮೆಗರುವಿನಷ್ಟಾಯಿತು. ಆ ವರ್ಷ ಕಟ್ಟಿಗೆ ಒಲೆಯ ಮೇಲೆ ಸುಟ್ಟ ನವಣೆ ರೊಟ್ಟಿಯ ಘಮ! ಆಹಾ, ಅಂಥ ರೊಟ್ಟಿ ಆಮೇಲೆ ಎಲ್ಲಿಯೂ ಬೇಯಲಿಲ್ಲ. ಆದರೂ ನೀರು ಇನ್ನಷ್ಟು ಇಳಿದಿತ್ತು. ಓಬಳ ಸೊಂಟದವರೆಗೆ ಕಲ್ಲು.

ಮೂರನೆಯ ಬೆಳೆಗೆ ಸ್ವತಃ ರಾಜನೇ ಕೆರೆಯ ಏರಿ ಹತ್ತಿ ಬಂದ, ಜೊತೆಗೆ ಮಗಳು.

“ಮಗಳ ಮದುವೆ ಇದೆ, ಅರಮನೆ ಗದ್ದೆಗೆ ಭತ್ತ ಹಾಕಬೇಕು. ಎತ್ತೋ ತೂಬು!”

ಓಬಳ ಕಲ್ಲುಕಾಲು ಎಳೆದುಕೊಂಡು ಹೋಗಿ ತೂಬಿನ ಮೇಲೇ ಕೂತುಬಿಟ್ಟ. ಭಟರು ಎತ್ತಿದರು, ಏದುಸಿರು ಬಿಟ್ಟರು. ಅಲುಗಿದರೆ ತಾನೇ?

“ನಾನು ರಾಜ ಕಣೋ!”

“ನನಗೆ ಗೊತ್ತು ಬುದ್ಧೀ, ಕೋಣಕ್ಕೆ ಗೊತ್ತಿಲ್ಲ.”

ರಾಜಕುಮಾರಿ ಕಿಸಕ್ಕನೆ ನಕ್ಕಳು. “ಅಪ್ಪಾಜಿ, ನವಣೆ ಪಾಯಸವೇ ಆಗಲಿ ಬಿಡಿ.” ರಾಜನೂ ನವಣೆಯನ್ನೇ ಬಿತ್ತಿದ.

ಮೂರನೆಯ ಸುಗ್ಗಿ ಮುಗಿದಾಗ ಕೆರೆಯ ನಡುವೆ ಪಾದ ಮುಳುಗುವಷ್ಟು ನೀರು ಉಳಿದಿತ್ತು. ಕೋಣ ಬೆಕ್ಕಿನಷ್ಟಾಗಿತ್ತು. ಓಬಳ ಕುತ್ತಿಗೆಯವರೆಗೆ ಕಲ್ಲು. ಕೆರೆ ಬತ್ತಿರಬೇಕೆಂದು ಗುಡುಗುಂಡ ಮೀಸೆ ತಿರುವುತ್ತ ಬಂದ. ಬಾಯಾರಿದ್ದ ಕೋಣ ಅವನ ಕಮಂಡಲಕ್ಕೇ ಮೂತಿ ತೂರಿಸಿ ಮಂತ್ರದ ನೀರನ್ನೆಲ್ಲ ನೆಕ್ಕಿಬಿಟ್ಟಿತು. ಶಕ್ತಿಯೆಲ್ಲ ಆ ನೀರಲ್ಲೇ ಇದ್ದ ಮಾಂತ್ರಿಕ ಹೊಗೆಯಾಗಿ ಹೋದ. ಕೋಣ ಒಮ್ಮೆ ತೇಗಿತು ನೋಡಿ, ಕುಡಿದ ನೀರೆಲ್ಲ ಧೋ ಎಂದು ಕೆರೆಗೆ ಸುರಿಯಿತು. ಓಬಳನ ಮೈಯ ಕಲ್ಲು ಕರಗಿತು. ಅವನು ರಾಜಕುಮಾರಿಯ ಮದುವೆಯಲ್ಲಿ ಕುಣಿದದ್ದಕ್ಕೆ ಚಪ್ಪರವೇ ಬಿತ್ತಂತೆ.

ಆಮೇಲೆ ಆ ನಾಡಿನವರು ಹೊಟ್ಟೆತುಂಬ ಉಂಡು ನೆಮ್ಮದಿಯಾಗಿ ಬಾಳಿದರು. ಸಂತೆಯಲ್ಲಿ ನೆಂಟರು ಎದುರಾಗಿ, “ಈ ಸಲ ಬೆಳೆ ಹೇಗಪ್ಪಾ?” ಎಂದರೆ, ಎಷ್ಟು ಮೂಟೆ ಬಂತೆಂಬ ಮಾತು ಯಾರೂ ಎತ್ತುತ್ತಿರಲಿಲ್ಲ.

“ಚೆನ್ನಾಗಾಯ್ತು ಕಣಣ್ಣ, ಕೆರೇಲಿ ಇನ್ನೂ ಎದೆಮಟ್ಟ ನೀರಿದೆ,” ಎನ್ನುತ್ತಿದ್ದರು.