ಐವತ್ತೆರಡರ ಬ್ಯಾನರ್

ಜನವರಿ ಒಂಬತ್ತು, ಮಂಗಳವಾರ. ಬೆಳಿಗ್ಗೆ ಒಂಬತ್ತಕ್ಕೆ ದಕ್ಷಿಣ ತೈವಾನಿನ ಹೈಪು ಠಾಣೆಗೆ ದೂರು ಬಂತು. ತಂದವನು ಶಾಸಕ ಹುವಾಂಗ್ ಅವರ ಪ್ರಚಾರ ಮುಖ್ಯಸ್ಥ ಕೆ ಷೆಂಗ್‌ಫು. ಬೆನ್ನ ಹಿಂದೆ ಮೂರು ಟಿ.ವಿ. ಕ್ಯಾಮೆರಾ. ಮತದಾನ ಶನಿವಾರ.

ದೂರಿನ ಸಾರ ಇಷ್ಟು: ಆನ್‌ಲೈನ್ ಬಾಜಿ ಮಾರುಕಟ್ಟೆಯಲ್ಲಿ ಹುವಾಂಗ್ ಗೆಲ್ಲುವ ದರ ನೂರಕ್ಕೆ ತೊಂಬತ್ತೇಳು ಇದ್ದದ್ದು, ಸೋಮವಾರ ಸಂಜೆ ಏಳರಿಂದ ಎಂಟರೊಳಗೆ ಐವತ್ತೆರಡಕ್ಕೆ ಕುಸಿದಿದೆ. ಎದುರಾಳಿ ವೆಂಗ್ ಮೆಯ್‌ಯುನ್ ಈ ದರ ಬೀಳಿಸಲೆಂದೇ ತಮ್ಮ ಮೇಲೆ ತಾವೇ ಬಾಜಿ ಕಟ್ಟಿದ್ದಾರೆ. ಚುನಾವಣೆಯ ಮೇಲೆ ಬಾಜಿ ಕಟ್ಟುವುದು ಅಪರಾಧ.

ಹೈಪುವಿನಲ್ಲಿ ಹುವಾಂಗ್ ಪಕ್ಷ ಸೋತದ್ದನ್ನು ಕಂಡವರಿಲ್ಲ. ಆದರೆ ಕೊನೆಯ ಹತ್ತು ದಿನ ಸಮೀಕ್ಷೆ ಪ್ರಕಟಿಸುವಂತಿಲ್ಲವಾದ್ದರಿಂದ ಊರಿಗೆ ಊರೇ ಬಾಜಿಯ ದರ ನೋಡುತ್ತ ಕೂತಿತ್ತು. ಈಗ ಎಲ್ಲರಿಗೂ ಗಾಬರಿ.

ಇನ್‌ಸ್ಪೆಕ್ಟರ್ ಜಿಯೆನ್ ಪೆಯ್‌ಲಿಂಗ್ ಎಫ್‌ಐಆರ್ ದಾಖಲಿಸಿ ವೆಂಗ್ ಅವರನ್ನು ಕರೆಸಿದರು. ನಿವೃತ್ತ ದಾದಿ. ಮೂರು ಸಲ ಸೋತು ನಾಲ್ಕನೇ ಸಲ ನಿಂತ ಹೆಂಗಸು, ಸ್ಕೂಟರಿನಲ್ಲಿ ಒಬ್ಬರೇ ಬಂದರು.

"ಬಾಜಿ ಕಟ್ಟಿದೀರಾ?"

"ನನ್ ಮೇಲಾ? ನನ್ ಗಂಡಾನೇ ಕಟ್ಟಲ್ಲ ಮೇಡಂ."

"ಫೋನ್ ಕೊಡ್ತೀರಾ?"

"ತಗೊಳ್ಳಿ. ಸೋಲೋದು ನಂಗೆ ಅಭ್ಯಾಸ ಆಗೋಗಿದೆ. ಕಳ್ಳಿ ಅನ್ನಿಸ್ಕೊಳ್ಳೋದು ಅಭ್ಯಾಸ ಇಲ್ಲ. ಶನಿವಾರದೊಳಗೆ ನಿಜ ಏನು ಅಂತ ಹೇಳ್ಬಿಡಿ, ಅಷ್ಟು ಸಾಕು."

ಫೋನಿನಲ್ಲಿ ಏನೂ ಸಿಗಲಿಲ್ಲ. ಆದರೆ ಆ ಸಂಜೆಯ ಸುದ್ದಿಯಲ್ಲಿ ಅವರು ಆಗಲೇ ಅಪರಾಧಿ.

ಬುಧವಾರ ಬೆಳಿಗ್ಗೆ ಏಳಕ್ಕೆ ಜಿಯೆನ್ ಮತ್ತು ಕಾನ್‌ಸ್ಟೆಬಲ್ ಥು ಬೀದಿಬದಿಯಲ್ಲಿ ಮೀನಿನ ಗಂಜಿ ಕುಡಿಯುತ್ತಿದ್ದರು. ಎದುರಿಗೆ ಕೆಂಪು ಬ್ಯಾನರ್: 'ಐವತ್ತೆರಡಕ್ಕೆ ಇಳಿದಿದೆ! ಹುವಾಂಗ್ ಅವರನ್ನು ಉಳಿಸಿ!' ಚುನಾವಣೆ ಹತ್ತಿರ ಬಂದಾಗ 'ಮುಳುಗಿದೆವು, ಕಾಪಾಡಿ' ಎಂದು ಗೋಳಿಡುವುದು ಇಲ್ಲಿನ ಎಲ್ಲ ಪಕ್ಷಗಳ ಚಾಳಿ.

"ಇದು ಯಾವಾಗಿಂದ ಇದೆ?" ಜಿಯೆನ್ ಕೇಳಿದರು.

"ನಿನ್ನೆ ಬೆಳಿಗ್ಗೆ ಆರಕ್ಕೆ ನಾನು ಡ್ಯೂಟಿಗೆ ಬರೋವಾಗ್ಲೇ ಇತ್ತು ಮೇಡಂ. ಊರ್ ತುಂಬಾ ಕಟ್ಟಿದಾರೆ."

"ದರ ಬಿದ್ದಿದ್ದು ಸೋಮವಾರ ಸಂಜೆ. ಚುನಾವಣೆ ವಾರದಲ್ಲಿ ಒಂದು ಕರಪತ್ರ ಅಚ್ಚಾಗ್ಬೇಕು ಅಂದ್ರೂ ಎರಡು ದಿನ ಕಾಯ್ಬೇಕು ಕಣಯ್ಯ. ಏಳು, ಏಳು!"

ಥು ಅರ್ಧ ಬಟ್ಟಲು ಗಂಜಿ ಬಿಟ್ಟು ಎದ್ದ.

ಮುದ್ರಣದಂಗಡಿಯ ಒಡತಿ ತಲೆ ಎತ್ತಲೇ ಇಲ್ಲ. "ಹೊಸ ಕೆಲಸ ತಗೊಳಲ್ಲ. ಪೊಲೀಸ್ರಾದ್ರೂ ಅಷ್ಟೇ."

"ಆ ಕೆಂಪು ಬ್ಯಾನರ್ ಯಾವತ್ತು ಕೊಟ್ರು ಅಕ್ಕ?"

"ಭಾನುವಾರ. ಕೆ ಅಣ್ಣಾನೇ ಕಳಿಸಿದ್ದು, ನೋಡಿ." ಫೋನು ತಿರುಗಿಸಿದಳು. ಜನವರಿ ಏಳು, ಮಧ್ಯಾಹ್ನ ನಾಲ್ಕು ಹತ್ತು. ಬರಹ ಅದೇ. ಕೆಳಗೆ ಕೆ ಕೊಟ್ಟ ಒಪ್ಪಿಗೆ: 'ಐವತ್ತೆರಡು ದೊಡ್ಡದಾಗಿ ಕಾಣಲಿ.'

ದರ ಆಗಿನ್ನೂ ತೊಂಬತ್ತೇಳು. ಗೆಲುವು ಖಚಿತವಾದ ಕ್ಷೇತ್ರದಲ್ಲಿ ಬಾಜಿ ಕಟ್ಟುವವರೇ ವಿರಳ. ಒಬ್ಬ ಮನಸ್ಸು ಮಾಡಿದರೆ ದರವನ್ನು ಬೇಕಾದಲ್ಲಿಗೆ ಎಳೆದು ನಿಲ್ಲಿಸಬಹುದು. ಥು ಅಂಗಡಿಯಲ್ಲೇ ಕುಣಿದಾಡುವುದೊಂದು ಬಾಕಿ.

ಗುರುವಾರ ಶೋಧನಾ ವಾರಂಟ್ ಸಿಕ್ಕಿತು. ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ, ಅದೇ ಮೂರು ಕ್ಯಾಮೆರಾಗಳ ಎದುರು, ಪ್ರಚಾರ ಕಚೇರಿಯಲ್ಲಿ ಕೆ ಷೆಂಗ್‌ಫುವಿನ ಎರಡನೇ ಫೋನು ಜಪ್ತಿಯಾಯಿತು. ಸೋಮವಾರ ಸಂಜೆ ದರ ಬೀಳಿಸಿದ ಬಾಜಿಯ ಖಾತೆ ಅದರಲ್ಲೇ ಇತ್ತು. ಪಂಚನಾಮೆಗೆ ಸಹಿ ಬಿದ್ದದ್ದು ಹತ್ತು ನಲವತ್ತಕ್ಕೆ, ಬಂಧನ ಹತ್ತು ನಲವತ್ತೈದಕ್ಕೆ.

ಹನ್ನೊಂದಕ್ಕೆ ಜಿಯೆನ್ ಠಾಣೆಯ ಮೆಟ್ಟಿಲ ಮೇಲೆ ನಿಂತು, "ವೆಂಗ್ ಮೆಯ್‌ಯುನ್ ನಿರ್ದೋಷಿ," ಎಂದು ಗಟ್ಟಿಯಾಗಿ ಓದಿದರು. ಮೀನು ಮಾರುಕಟ್ಟೆಯ ಹೆಂಗಸರು ಪಟಾಕಿ ಹಚ್ಚಿಯೇಬಿಟ್ಟರು. ವೆಂಗ್ ಸ್ಕೂಟರಿನ ಮೇಲೆ ನಿಂತು ಎರಡೂ ಕೈ ಎತ್ತಿದರು. ನಾಳೆ ಸೋಲುವವರ ಮುಖದಲ್ಲಿ ಅಂಥ ಗೆಲುವನ್ನು ಹೈಪು ಕಂಡಿರಲಿಲ್ಲ. ಜಿಯೆನ್‌ಗೆ ತಡೆಯಲಾರದಷ್ಟು ಸಂತೋಷವಾಯಿತು.

ಒಳಗೆ ಕೆ ತಲೆ ತಗ್ಗಿಸಿ ಕೂತಿದ್ದ.

"ಹೆಂಗಿದ್ರೂ ಗೆಲ್ತಿದ್ರಲ್ರೀ. ಯಾಕೆ ಬೇಕಿತ್ತು?"

"ಅದೇ ಮೇಡಂ. ಇಪ್ಪತ್ತು ವರ್ಷ ಗೆಲ್ಸಿದೀನಿ. ಜನ ಬರ್ತಾರೆ, ನೂಡಲ್ಸ್ ತಿಂತಾರೆ, ಹೋಗ್ತಾರೆ. ನಾವು ಸೋತೋಗ್ತೀವೇನೋ ಅಂತ ಒಬ್ರೂ ಹೆದರಿಲ್ಲ. ಬುಧವಾರದ ಸಭೆಗೆ ಆರು ಸಾವಿರ ಜನ. ಒಬ್ಬ ಅಜ್ಜಿ ನನ್ ಕೈ ಹಿಡ್ಕೊಂಡು ಅತ್ಬಿಟ್ಳು."

ಅವನ ಕಣ್ಣು ಆಗಲೂ ಹೊಳೆಯಿತು.

"ಆ ಅಜ್ಜಿ ಹೆಸರು ಗೊತ್ತಾ?"

ಕೆಗೆ ಅದು ಗೊತ್ತಿರಲಿಲ್ಲ. ಜಿಯೆನ್ ಅದನ್ನೂ ಹೇಳಿಕೆಯಲ್ಲಿ ಬರೆಸಿಕೊಂಡರು.