ಎರಡೂವರೆ ಅಡಿಯ ಮೆಟ್ಟಿಲು

“ಅತ್ತಿಗೆ, ಇವತ್ತೊಂದು ದಿನ ಆ ಕೂಗು ಬೇಡ. ಕೈ ಮುಗಿದು ಕೇಳ್ಕೋತೀನಿ.”

ತಮ್ಮನ ಹೆಂಡತಿ ನಿಜವಾಗಿಯೂ ಕೈ ಮುಗಿದಿದ್ದಳು. ಒಂದು ಕೈಯಲ್ಲಿ ಫೋನ್ ಇದ್ದುದರಿಂದ ಅದು ಅರ್ಧ ನಮಸ್ಕಾರದಂತೆ ಕಾಣುತ್ತಿತ್ತು. ಮಡಿಸಿದ ಟವೆಲುಗಳನ್ನು ಎದೆಗವಚಿಕೊಂಡು ಮೆಟ್ಟಿಲ ಬುಡದಲ್ಲಿ ನಿಂತಿದ್ದ ಅಕ್ಕ, ತೆರೆದ ಬಾಯಿಯನ್ನು ಹಾಗೆಯೇ ಮುಚ್ಚಿಕೊಂಡಳು.

“ಬಾಯಿ ತಪ್ಪಿ ಬಂದುಬಿಡುತ್ತಮ್ಮ. ಅಭ್ಯಾಸ.”

“ಗೊತ್ತು. ಆದ್ರೆ ಹತ್ತು ಗಂಟೆಗೆ ಮೇಲ್ವಿಚಾರಕರು ಬರ್ತಾರೆ. ಇಡೀ ಮನೆ ನೋಡ್ತಾರೆ. ಅವರೆದುರಿಗೆ ‘ಬಂದೆ’ ಅಂತ ಸಂತೆಯಲ್ಲಿ ಕೂಗಿದ ಹಾಗೆ ಕೂಗಿದ್ರೆ ಏನಂದುಕೊಳ್ಳಲ್ಲ?”

ಅಕ್ಕ ತಲೆಯಾಡಿಸಿದಳು. ಹಠ ಅವಳ ಜಾಯಮಾನವಲ್ಲ. ಮೂವತ್ತಾರು ವರ್ಷ ಆಸ್ಪತ್ರೆಯ ಧೋಬಿಖಾನೆಯಲ್ಲಿ ಹಾಸಿಗೆ ಹೊದಿಕೆಗಳನ್ನು ಮಡಿಸಿ ನಿವೃತ್ತಳಾದವಳು. ಅಲ್ಲಿ ಅವಳಿಗಿಂತ ಹಿರಿಯರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ನಿಜವಾಗಿ ಆ ಹೆಸರಿನ ಹಕ್ಕಿದ್ದುದು ಒಬ್ಬನಿಗೆ ಮಾತ್ರ, ಹದಿನಾಲ್ಕು ವರ್ಷ ಚಿಕ್ಕವನಾದ ತಮ್ಮನಿಗೆ. ಅವನೀಗ ದೊಡ್ಡ ಕಂಪನಿಯೊಂದರ ವಕೀಲ. ಕಂಪನಿ ಅವನಿಗಾಗಿ ಬಾಡಿಗೆಗೆ ಹಿಡಿದುಕೊಟ್ಟ ಈ ಮನೆಗೆ ಮೂರು ತಿಂಗಳ ಹಿಂದೆ ಅವನೇ ಅವಳನ್ನು ಕರೆತಂದಿದ್ದ.

ಕರೆತಂದದ್ದು ತೀರ ಅನಿರೀಕ್ಷಿತವಾಗಿ. ಊರಾಚೆ ಅವಳಿದ್ದ ಒಂಟಿ ಕೋಣೆಗೆ ಬಂದು, ನಿಂತ ಕಾಲಲ್ಲೇ, “ಅಕ್ಕ, ನಮ್ಮ ಮನೆ ಬಾಡಿಗೆಗೆ ಬಂದಿದೆ. ಹನ್ನೊಂದು ಕೋಣೆ ಮನೆ,” ಎಂದಿದ್ದ. ಅವಳಿಗೆ ನಂಬಿಕೆಯಾಗಿರಲಿಲ್ಲ. ನೂರೈವತ್ತು ವರ್ಷ ಹಳೆಯ ಆ ಮೂರು ಮಹಡಿಯ ಮನೆ, ಎರಡೂ ಪಕ್ಕದ ಮನೆಗಳಿಗೆ ಭುಜ ತಾಗಿಸಿ ನಿಂತದ್ದು, ಅವರು ಬೆಳೆದ ಕಾಲದಲ್ಲಿ ಹನ್ನೊಂದು ಕುಟುಂಬಗಳ ವಠಾರವಾಗಿತ್ತು. ಕೋಣೆಗೊಂದು ಕುಟುಂಬ. ನಲ್ಲಿ, ಒಲೆ ಎಲ್ಲವೂ ನೆಲಮಹಡಿಯಲ್ಲಿ. ಮೇಲೆ ಹೋಗಲು ಇದ್ದದ್ದು ಎರಡೂವರೆ ಅಡಿ ಅಗಲದ ಒಂದೇ ಮೆಟ್ಟಿಲು. ಮೂರು ತಿರುವು, ನಲವತ್ತೆರಡು ಹಂತ, ಹಗಲಲ್ಲೂ ಕತ್ತಲೆ. ಕೊಡ ಹೊತ್ತ ಇಬ್ಬರು ಎದುರಾದರೆ ಒಬ್ಬರು ಹಿಂದಕ್ಕೆ ನಡೆಯಬೇಕಿತ್ತು. ಅದಕ್ಕಾಗಿ ವಠಾರಕ್ಕೊಂದು ಕಟ್ಟಳೆ ಇತ್ತು. ಹತ್ತುವವರು ಬುಡದಲ್ಲಿ ನಿಂತು “ಬಂದೆ” ಎನ್ನಬೇಕು. ಇಳಿಯುವವರು ತುದಿಯಲ್ಲಿ ನಿಂತು “ಇಳಿದೆ” ಎನ್ನಬೇಕು. ಮೆಟ್ಟಿಲ ಮೇಲೆ ಯಾರಾದರೂ ಇದ್ದರೆ “ನಿಲ್ಲು” ಎಂದು ಉತ್ತರಿಸಬೇಕು. ಮೂರು ಎಣಿಸುವುದರೊಳಗೆ ಉತ್ತರ ಬಾರದಿದ್ದರೆ ದಾರಿ ಖಾಲಿ ಎಂದು ಅರ್ಥ.

ಒಮ್ಮೆ ಉತ್ತರ ಬಂದಿರಲಿಲ್ಲ. ತಾಯಿ ತೀರಿಕೊಂಡ ವರ್ಷ ಅದು. ಇಪ್ಪತ್ತರ ಅಕ್ಕ ಕುದಿಯುವ ನೀರಿನ ಪಾತ್ರೆ ಹಿಡಿದು “ಬಂದೆ” ಎಂದು ಹತ್ತಿದಾಗ, ಆರು ವರ್ಷದ ತಮ್ಮ ಎರಡನೆಯ ತಿರುವಿನಲ್ಲಿ ಅಂಗಿಯ ಗುಂಡಿಗಳನ್ನು ಹರಡಿಕೊಂಡು ಆಡುತ್ತ ಕೂತಿದ್ದ. ಕೇಳಿಸಿತ್ತು, ಆಟ ಬಿಟ್ಟು ಉತ್ತರಿಸಲು ಮನಸ್ಸಾಗಿರಲಿಲ್ಲ. ಕತ್ತಲಲ್ಲಿ ಮಗುವಿಗೆ ಕಾಲು ತಾಗಿದ ಆ ಕ್ಷಣದಲ್ಲಿ ಪಾತ್ರೆಯನ್ನು ಎತ್ತ ವಾಲಿಸಬೇಕೆಂದು ಅವಳು ಯೋಚಿಸಲೂ ಇಲ್ಲ... ತನ್ನ ಕಡೆಗೇ ವಾಲಿಸಿಕೊಂಡಳು. ಎಡಗೈಯ ಮೊಣಕೈಯಿಂದ ಮಣಿಕಟ್ಟಿನವರೆಗೆ ಚರ್ಮ ಸುಕ್ಕಾಗಿ ಉಳಿಯಿತು. ಗೊತ್ತಾಗಿದ್ದ ಮದುವೆಯ ಮಾತು ಅಲ್ಲಿಗೇ ನಿಂತಿತು. ಮತ್ತೆ ಯಾರೂ ಎತ್ತಲಿಲ್ಲ, ಅವಳೂ ಎತ್ತಿಸಲಿಲ್ಲ.

ಆಮೇಲೆ ಹುಡುಗ ಎಷ್ಟು ಬದಲಾದನೆಂದರೆ, ಹಾಸಿಗೆಯಲ್ಲಿದ್ದರೂ, ಪಾಠ ಓದುತ್ತಿದ್ದರೂ, ಅವಳ “ಬಂದೆ” ಕಿವಿಗೆ ಬಿದ್ದ ಕೂಡಲೇ “ನಿಲ್ಲು ಅಕ್ಕ” ಎಂದು ಕಿರುಚಿ ಧಡಧಡ ಇಳಿದು ಬರುತ್ತಿದ್ದ, ಪಾತ್ರೆ ಹಿಡಿಯಲು. ಮೆಟ್ಟಿಲ ಮೇಲಿಲ್ಲದವನು ಉತ್ತರಿಸುವುದು ಕಟ್ಟಳೆಗೆ ವಿರುದ್ಧ ಎಂದು ವಠಾರದವರು ಗೊಣಗುತ್ತಿದ್ದರು. ಅವಳಿಗೆ ಮಾತ್ರ, ಜಗತ್ತಿನಲ್ಲಿ ತನಗಾಗಿ ಕಾದಿರುವ ಒಂದು ದನಿ ಇದೆ ಎನ್ನಿಸುತ್ತಿತ್ತು.

ಈಗ ಹನ್ನೊಂದು ಕೋಣೆಗಳು ಐದಾಗಿದ್ದವು. ನಲ್ಲಿಯಿದ್ದ ಜಾಗದಲ್ಲಿ ಅಮೃತಶಿಲೆಯ ಅಡುಗೆಮನೆ. ಸ್ನಾನದ ಮನೆಯ ನೆಲ ಬರಿಗಾಲಿಗೆ ಬೆಚ್ಚಗೆ. ಕಿಟಕಿಗಳಿಗೆ ಜೋಡಿ ಗಾಜು. ಬೀದಿಯಲ್ಲಿ ಬಸ್ಸು ಹೋದರೆ ಕಾಣುತ್ತಿತ್ತೇ ಹೊರತು ಕೇಳುತ್ತಿರಲಿಲ್ಲ. ಮೆಟ್ಟಿಲೊಂದನ್ನು ಮಾತ್ರ ಮುಟ್ಟಕೂಡದೆಂದು ನಗರಸಭೆಯ ಅಪ್ಪಣೆಯಿತ್ತಂತೆ. ಹಲಗೆಗಳಿಗೆ ಹೊಳಪು ಬಂದಿತ್ತು, ಅಗಲ ಅಷ್ಟೇ ಇತ್ತು. ತಮ್ಮ ಅವಳಿಗೆ ಕೊಟ್ಟದ್ದು ಮೂರನೆಯ ಮಹಡಿಯ ಇಳಿಜಾರು ಸೂರಿನ ಕೋಣೆ. “ನಮ್ಮ ಕೋಣೆ ಅಕ್ಕ, ಅದೇ,” ಎಂದಿದ್ದ. ಅಂದು ಅವಳು ಕಿಟಕಿಯ ಚೌಕಟ್ಟನ್ನು ಸವರಿ ಸವರಿ ಅತ್ತಿದ್ದಳು. ಹಳೆಯ ಬಾಡಿಗೆ ಕೋಣೆಯ ಬೀಗದ ಕೈಯನ್ನು ಮರುದಿನವೇ ಹಿಂದಿರುಗಿಸಿದ್ದಳು.

ಆದರೆ ಈ ಮೂರು ತಿಂಗಳಲ್ಲಿ ಅವಳ “ಬಂದೆ”ಗೆ ಒಮ್ಮೆಯೂ ಉತ್ತರ ಬಂದಿರಲಿಲ್ಲ. ತಮ್ಮ ಬೆಳಗ್ಗೆ ಹೋದರೆ ಕತ್ತಲಾದ ಮೇಲೆ ಬರುತ್ತಿದ್ದ. ಮನೆಯಲ್ಲಿದ್ದರೆ ಎರಡನೆಯ ಮಹಡಿಯ ತನ್ನ ಕೋಣೆಯಲ್ಲಿ ಕಿವಿಗೆ ಏನನ್ನೋ ಸಿಕ್ಕಿಸಿಕೊಂಡಿರುತ್ತಿದ್ದ. ಅವಳು ಬುಡದಲ್ಲಿ ನಿಂತು ಕೂಗುತ್ತಿದ್ದಳು, ಮೂರು ಎಣಿಸುತ್ತಿದ್ದಳು, ಹತ್ತುತ್ತಿದ್ದಳು.

ಮೇಲ್ವಿಚಾರಕ ಹತ್ತಕ್ಕೆ ಸರಿಯಾಗಿ ಬಂದ. ಮನೆಯ ಒಡೆಯರ ಪರವಾಗಿ ಮೂರು ತಿಂಗಳಿಗೊಮ್ಮೆ ಗೋಡೆ, ನಲ್ಲಿ, ಗಾಜು ಎಲ್ಲವನ್ನೂ ಪಟ್ಟಿ ಹಿಡಿದು ಪರೀಕ್ಷಿಸುವುದು ಅವನ ಕೆಲಸ. ಬೂಟು ಕಳಚಿ, ಗೋಡೆಗಳಿಗೆ ಬೆರಳ ಗಿಣ್ಣಿನಿಂದ ತಟ್ಟುತ್ತ, ನಡುನಡುವೆ ಮನೆಯ ಇತಿಹಾಸವನ್ನೂ ಹೇಳುತ್ತ ಮೊದಲ ಮಹಡಿಗೆ ಬಂದ. ಅಂದು ಕೆಲಸಕ್ಕೆ ಹೋಗದೆ ಉಳಿದಿದ್ದ ತಮ್ಮನೂ ಅವನ ಹೆಂಡತಿಯೂ ಹಿಂದೆಯೇ ಬಂದರು. ಅಕ್ಕ ಅಲ್ಲಿ ಕಪಾಟಿಗೆ ಟವೆಲು ಜೋಡಿಸುತ್ತಿದ್ದಳು.

“ಇದು ಮೂಲ ಯಜಮಾನರ ಗ್ರಂಥಾಲಯ,” ಎಂದ ಅವನು. “ದೊಡ್ಡ ವ್ಯಾಪಾರಿ. ಓದೋ ಹುಚ್ಚು.”

“ಗ್ರಂಥಾಲಯ ಎಲ್ಲಿ ಬಂತು,” ಎಂದುಬಿಟ್ಟಳು ಅಕ್ಕ. “ಇಲ್ಲಿ ಛತ್ರಿ ರಿಪೇರಿಯವನಿದ್ದ. ಹೆಂಡತಿ, ನಾಲ್ಕು ಮಕ್ಕಳು, ಅರವತ್ತು ಛತ್ರಿ. ಮಲಗೋಕೆ ಜಾಗ ಇಲ್ಲ ಅಂತ ಛತ್ರಿಗಳನ್ನ ಸೂರಿಗೆ ನೇತುಹಾಕಿದ್ದ. ಬಾವಲಿ ಮನೆ ಅಂತಿದ್ವಿ.”

ಮೇಲ್ವಿಚಾರಕ ನಕ್ಕ. ತಮ್ಮ ನಗಲಿಲ್ಲ. ತಮ್ಮನ ಹೆಂಡತಿ ಅವಸರದಿಂದ, “ಒಂದು ಸ್ವಲ್ಪ ಚಹಾ ತರ್ತೀರಾ?” ಎಂದಳು. ‘ಅತ್ತಿಗೆ’ ಎನ್ನಲಿಲ್ಲ. ಅಕ್ಕ ಅದನ್ನು ಗಮನಿಸಿದಳು, ಗಡಿಬಿಡಿಯಲ್ಲಿ ಬಿಟ್ಟುಹೋಗಿರಬೇಕೆಂದು ಸಮಾಧಾನ ಮಾಡಿಕೊಂಡಳು.

ಚಹಾದ ತಟ್ಟೆ ಹಿಡಿದು ಮೆಟ್ಟಿಲ ಬುಡಕ್ಕೆ ಬಂದಾಗ ಬೆಳಗಿನ ಮಾತು ನೆನಪಿತ್ತು. ಆದರೆ ಕೈಯಲ್ಲಿ ಬಿಸಿ ಇತ್ತು. ಬಿಸಿ ಹಿಡಿದು ಸದ್ದಿಲ್ಲದೆ ಆ ಮೆಟ್ಟಿಲು ಹತ್ತುವುದು ಅವಳ ಮೈಗೆ ಒಗ್ಗದ ಕೆಲಸ.

“ಬಂದೆ,” ಎಂದಳು, ಆದಷ್ಟು ಮೆಲ್ಲಗೆ.

“ನಿಲ್ಲು ಅಕ್ಕ!”

ಎರಡನೆಯ ತಿರುವಿನಿಂದ ಬಂದ ದನಿ. ನಲವತ್ತೆಂಟು ವರ್ಷದವನ ದಪ್ಪ ದನಿ. ಆದರೂ ಅದೇ ಅವಸರ, ಅದೇ ಗಾಬರಿ. ಅಕ್ಕನ ಕಣ್ಣು ತುಂಬಿ ಬಂತು... ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದೆಯೋ ಇದನ್ನ, ಎಂದುಕೊಂಡಳು.

ತಮ್ಮನ ಹಿಂದೆಯೇ ಇಳಿಯುತ್ತಿದ್ದ ಮೇಲ್ವಿಚಾರಕ ಅವನ ಬೆನ್ನಿಗೆ ಮುಗ್ಗರಿಸಿ ನಿಂತ.

“ಅಕ್ಕ? ಇವರು ನಿಮ್ಮ ಅಕ್ಕನಾ ಸಾರ್?” ಎಂದು ಪಟ್ಟಿಯ ಹಾಳೆ ತಿರುವಿದ. “ಕರಾರಿನಲ್ಲಿ ವಾಸಕ್ಕೆ ಗಂಡ ಹೆಂಡತಿ ಇಬ್ಬರೇ. ಮೇಲಿನದು ಕೆಲಸದವರ ಕೋಣೆ, ಅದರಲ್ಲಿ ಕೆಲಸದವರು ಒಬ್ಬರು ಅಂತಿದೆ. ನೆಂಟರು ಇರೋ ಹಾಗಿಲ್ಲ. ಇದ್ದರೆ ನಾನು ನಿಮ್ಮ ಕಂಪನಿಗೆ ಬರೆದು ತಿಳಿಸಬೇಕಾಗುತ್ತೆ. ಸುಳ್ಳು ವಿವರ ಅಂತ ಆಗುತ್ತೆ.”

ಮೆಟ್ಟಿಲಲ್ಲಿ ಮೂವರು. ಮೇಲಿನಿಂದ ಇಣುಕುತ್ತಿದ್ದ ನಾಲ್ಕನೆಯವಳು ತಮ್ಮನ ಹೆಂಡತಿ. ಮೂರು ಎಣಿಸುವಷ್ಟು ಹೊತ್ತು ಯಾರೂ ಮಾತಾಡಲಿಲ್ಲ.

“ಇಲ್ಲ, ಹಾಗಲ್ಲ,” ಎಂದ ತಮ್ಮ. ಅವನು ಗೋಡೆಯನ್ನು ನೋಡುತ್ತಿದ್ದ. “ಅಕ್ಕ ಅಂತ ಕರೀತೀವಿ ಅಷ್ಟೇ. ಮನೆ ಕೆಲಸಕ್ಕಿದ್ದಾರೆ. ತುಂಬಾ ವರ್ಷದಿಂದ.”

ಮೇಲ್ವಿಚಾರಕ ಅಕ್ಕನನ್ನು ನೋಡಿದ. ಕೆಟ್ಟವನಲ್ಲ ಅವನು, ಲೆಕ್ಕ ಸರಿಹೋಗಬೇಕಿತ್ತು, ಅಷ್ಟೆ. “ಹೌದೇನಮ್ಮ?”

ಅಕ್ಕ ಎಡಗೈ ಮೇಲಿನ ಸೆರಗನ್ನು ಮಣಿಕಟ್ಟಿನವರೆಗೆ ಎಳೆದುಕೊಂಡಳು. “ಹೌದು ಸಾರ್. ಎಲ್ಲರೂ ಹಾಗೇ ಕರೀತಾರೆ. ಆಸ್ಪತ್ರೆಯಲ್ಲೂ ಹಾಗೇ ಕರೀತಿದ್ರು.”

“ಮತ್ತೆ ಆ ಛತ್ರಿಯವನ ವಿಷಯ?”

“ನಮ್ಮಂಥವರಲ್ವಾ ಸಾರ್ ಆಗ ಇಲ್ಲಿ ಇದ್ದಿದ್ದು. ಚಹಾ ಆರುತ್ತೆ, ತಗೊಳ್ಳಿ.”

ಅವನು ಹಾಳೆಯ ಮೇಲೆ ಗೀಟೆಳೆದು ಚಹಾ ಎತ್ತಿಕೊಂಡ. ಅದರೊಂದಿಗೆ ಒಂದು ಮನೆ ಉಳಿಯಿತು, ಒಂದು ನೌಕರಿ ಉಳಿಯಿತು.

ಅವನು ಹೋದ ಮೇಲೆ ತಮ್ಮ ಮೇಲಿನ ಕೋಣೆಗೆ ಬಂದ. ಸೂರು ತಲೆಗೆ ತಾಗುತ್ತಿದ್ದುದರಿಂದ ಬಗ್ಗಿಕೊಂಡೇ ನಿಲ್ಲಬೇಕಾಯಿತು. ಅಕ್ಕ ಸೀರೆಗಳನ್ನು ಧೋಬಿಖಾನೆಯ ಲೆಕ್ಕದಲ್ಲಿ, ಅಂಚಿಗೆ ಅಂಚು ಕೂಡಿಸಿ ಮಡಿಸಿ ಚೀಲಕ್ಕೆ ಹಾಕುತ್ತಿದ್ದಳು.

“ಅಕ್ಕ, ಅದು ಕಾಗದಕ್ಕೆ ಮಾತ್ರ. ಹಾಗೆ ಬರೆಯದೇ ಇದ್ದಿದ್ರೆ ನಿನ್ನ ಇಲ್ಲಿಗೆ ಕರೆತರೋದಕ್ಕೇ ಆಗ್ತಿರಲಿಲ್ಲ. ನಿನಗೋಸ್ಕರಾನೇ...”

“ನನಗೆ ಗೊತ್ತು ಮರಿ. ನಿನಗೆ ಬೇರೆ ದಾರಿ ಇರಲಿಲ್ಲ.”

“ಮತ್ತೆ ಇದೇನು?”

“ಕಾಗದ ನಿನ್ನ ಕಸುಬು. ಕಾಗದದಲ್ಲಿ ಇರೋದೇ ನಿಜ ಅಂತ ನೀನೇ ಹೇಳ್ತಿದ್ದೆ.” ಅವಳ ದನಿಯಲ್ಲಿ ಕುಹಕವಿರಲಿಲ್ಲ. “ಮೂರು ತಿಂಗಳಿಗೆ ಅವನು ಮತ್ತೆ ಬರ್ತಾನೆ. ನಾನು ಮತ್ತೆ ಹೌದು ಸಾರ್ ಅನ್ನಬೇಕು. ಹೇಳೋದು ಕಷ್ಟ ಆಗುತ್ತೆ ಅಂದ್ಕೊಂಡಿದ್ದೆ. ಆಗ್ಲಿಲ್ಲ ನೋಡು... ಮೂರು ತಿಂಗಳು ಅಭ್ಯಾಸ ಆಗಿತ್ತಲ್ಲ. ಒಗೆದೆ, ಮಡಿಸಿದೆ, ಚಹಾ ತಂದೆ. ನೀನು ಹೇಳಿದ್ದು ಸುಳ್ಳು ಅಂತ ನನಗೇ ಅನ್ನಿಸ್ಲಿಲ್ಲ.”

ತಮ್ಮ ಚೀಲದತ್ತ ನೋಡಿದ.

“ಎಲ್ಲಿಗೆ ಹೋಗ್ತೀಯ?” ಎಂದು ಕೇಳಿದ.

“ಧೋಬಿಖಾನೆಯ ಇಸ್ತ್ರಿಯವಳು ಇದ್ದಾಳಲ್ಲ, ಒಬ್ಬಳೇ ಇದ್ದಾಳೆ. ಯಾವತ್ತಿಂದಲೋ ಕರೀತಿದ್ದಾಳೆ. ನೆಲಮಹಡಿ ಮನೆ. ಮೆಟ್ಟಿಲಿಲ್ಲ.”

ಅವನು ಬಗ್ಗಿಕೊಂಡೇ ಹೊರಬಂದು ತನ್ನ ಕೋಣೆಗೆ ಇಳಿದುಹೋದ. ಬಾಗಿಲನ್ನು ಪೂರ್ತಿ ಮುಚ್ಚಲಿಲ್ಲ. ಅಗುಳಿ ಬೀಳುವ ಸದ್ದು ಅವಳಿಗೆ ಕೇಳಿಸಲಿಲ್ಲ.

ಮಧ್ಯಾಹ್ನ ಮೂರರ ಹೊತ್ತಿಗೆ ಚೀಲ ಸಿದ್ಧವಾಯಿತು. ಬರುವಾಗ ತಂದದ್ದಕ್ಕಿಂತ ಹೆಚ್ಚೇನೂ ಇರಲಿಲ್ಲ. ಅಕ್ಕ ಕಿಟಕಿಯ ಚೌಕಟ್ಟನ್ನು ಇನ್ನೊಮ್ಮೆ ಸವರಿ, ಮೆಟ್ಟಿಲ ತುದಿಗೆ ಬಂದು ನಿಂತಳು. ಕೆಳಗೆ, ತಮ್ಮನ ಕೋಣೆಯ ಅರೆತೆರೆದ ಬಾಗಿಲಿನಿಂದ ಬೆಳಕಿನ ಗೀರೊಂದು ಮೆಟ್ಟಿಲ ಮೇಲೆ ಬಿದ್ದಿತ್ತು. ಕುರ್ಚಿ ಕಿರುಗುಟ್ಟುವ ಸದ್ದು ಬರುತ್ತಿತ್ತು.

“ಇಳಿದೆ,” ಎಂದಳು. ಈ ಸಲ ಮೆಲ್ಲಗಲ್ಲ. ನಲ್ಲಿಯ ಗದ್ದಲದಲ್ಲೂ ಹನ್ನೊಂದು ಕೋಣೆಗೆ ಕೇಳುತ್ತಿದ್ದ ಹಳೆಯ ಗಂಟಲಿನಲ್ಲಿ.

ಕುರ್ಚಿಯ ಸದ್ದು ನಿಂತಿತು.

ಒಂದು. ಬೆಳಕಿನ ಗೀರಿನ ನಡುವೆ ನೆರಳೊಂದು ಬಂದು ನಿಂತಿತು. ಎರಡು. ನೆರಳು ಅಲ್ಲೇ ಇತ್ತು. ಎರಡರಿಂದ ಮೂರಕ್ಕೆ ಹೋಗಲು ಅವಳು ಬಹಳ ಹೊತ್ತು ತೆಗೆದುಕೊಂಡಳು. ಜೀವಮಾನದಲ್ಲಿ ಅಷ್ಟು ನಿಧಾನವಾಗಿ ಅವಳು ಎಂದೂ ಎಣಿಸಿರಲಿಲ್ಲ... ಮೂರು.

ದಾರಿ ಖಾಲಿ.

ಅವಳು ಗೋಡೆ ಹಿಡಿದು ಇಳಿದಳು. ತಮ್ಮನ ಬಾಗಿಲು ದಾಟುವಾಗ ತಿರುಗಿ ನೋಡಲಿಲ್ಲ. ನೋಡಿದರೆ ಅವನಿಗೆ ಕಷ್ಟವಾದೀತು. ಕೊನೆಯ ತಿರುವಿನಾಚೆ, ಬುಡದಲ್ಲಿ, ತಮ್ಮನ ಹೆಂಡತಿ ಗೋಡೆಗೆ ಒತ್ತಿಕೊಂಡು ನಿಂತಿದ್ದಳು. ಒಂದು ಕಾಲು ಮೊದಲ ಹಂತದ ಮೇಲಿತ್ತು, ಕಣ್ಣು ಕೆಂಪಗಿತ್ತು.

“ಮೇಲೆ ಬರ್ತಿದ್ದೆ,” ಎಂದಳು ಅವಳು. “ನಿಮ್ಮ ಕೂಗು ಕೇಳಿಸ್ತು, ಅತ್ತಿಗೆ. ಅದಕ್ಕೇ ನಿಂತೆ.”

“ಮೆಟ್ಟಿಲ ಮೇಲಿದ್ರೆ ‘ನಿಲ್ಲು’ ಅನ್ನಬೇಕು ಕಣಮ್ಮ,” ಎಂದಳು ಅಕ್ಕ.

“ನನಗೆ ಗೊತ್ತಿರಲಿಲ್ಲ.”

“ಹೌದು. ನಿನಗೆ ಯಾರೂ ಹೇಳಿಕೊಟ್ಟಿರಲಿಲ್ಲ.”

ಅವಳ ತಲೆಯನ್ನು ಒಮ್ಮೆ ನೇವರಿಸಿ, ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡು ಅಕ್ಕ ಬಾಗಿಲು ತೆರೆದಳು. ಬೀದಿಯ ಸದ್ದೆಲ್ಲ ಒಮ್ಮೆಲೇ ಒಳಗೆ ನುಗ್ಗಿತು. ಬಸ್ಸು, ಸೈಕಲ್ ಗಂಟೆ, ಯಾರೋ ಯಾರನ್ನೋ ಕರೆಯುವ ದನಿ. ಅವಳು ಹೊಸ್ತಿಲ ಮೇಲೆ ಒಂದು ಗಳಿಗೆ ನಿಂತಳು. ಕರೆಯುತ್ತಿದ್ದುದು ಬೇರೆ ಯಾರನ್ನೋ. ಬಾಗಿಲನ್ನು ಹಿಂದಿನಿಂದ ಮೆಲ್ಲಗೆ ಎಳೆದುಕೊಂಡಳು.